ಅಕ್ಷರ ತಿದ್ದಿಸುವ ಕೈ

"ಬುದ್ಧಿ, ಹನ್ನೊಂದು ಜನ ಮೇಷ್ಟ್ರುಗಳನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದು ಹೇಗೆ?"

ಕೇಳಿದವನು ಗುರುಶಾಂತ, ಮಠದ ಕಿರಿಯ ಸ್ವಾಮಿ. ಕೇಳಿಸಿಕೊಂಡವರು ಅವನ ಗುರುಗಳು. ಊರವರೆಲ್ಲ ಅವರನ್ನು ದೊಡ್ಡಬುದ್ಧಿಯವರು ಅನ್ನುತ್ತಿದ್ದರು. ಸಂಜೆಯ ಪೂಜೆ ಮುಗಿದು, ಭಕ್ತರು ಮನೆಗೆ ಹೋಗಿ, ಜಗುಲಿಯ ಮೇಲೆ ಇಬ್ಬರೇ ಉಳಿದಿದ್ದರು.

ಮಠದ ಶಾಲೆಯನ್ನು ನೋಡಿಕೊಳ್ಳುವ ಕೆಲಸ ಗುರುಶಾಂತನ ಹೆಗಲಿಗೆ ಬಿದ್ದು ಒಂದು ವರ್ಷವಾಗಿತ್ತು. ಅವನು ಸೋಮಾರಿಯಲ್ಲ. ಕೆಲವು ಮೇಷ್ಟ್ರುಗಳು ತರಗತಿಗೆ ತಡವಾಗಿ ಬರುವುದನ್ನು ಕಂಡು ಒಂದು ಪುಸ್ತಕ ಇಟ್ಟ. ತರಗತಿಗೆ ಹೋಗುವಾಗ ಒಂದು ಸಹಿ, ಹೊರಗೆ ಬರುವಾಗ ಒಂದು ಸಹಿ, ಪಕ್ಕದಲ್ಲಿ ಗಂಟೆ, ನಿಮಿಷ. ಅದೂ ಸಾಲದೆಂದು ತಾನೇ ಹೋಗಿ ಪಡಸಾಲೆಯಲ್ಲಿ ನಿಲ್ಲತೊಡಗಿದ. ಆ ದಿನ ಮಧ್ಯಾಹ್ನ ನಾಲ್ವರು ಮೇಷ್ಟ್ರುಗಳು ಒಟ್ಟಿಗೆ ಬಂದು, ಸೋಮವಾರದಿಂದ ನಾವು ಬರುವುದಿಲ್ಲ ಸ್ವಾಮಿ ಅಂದಿದ್ದರು. ಪರೀಕ್ಷೆಗೆ ಎರಡು ತಿಂಗಳೂ ಇರಲಿಲ್ಲ. ಆ ನಾಲ್ವರು ಹೋದರೆ ಹತ್ತನೇ ತರಗತಿಗೆ ಲೆಕ್ಕ ಹೇಳುವವರೂ ಇರುವುದಿಲ್ಲ, ವಿಜ್ಞಾನ ಹೇಳುವವರೂ ಇರುವುದಿಲ್ಲ.

"ಬಿಗಿ ಮಾಡಿದರೆ ಹೋಗುತ್ತೇವೆ ಅನ್ನುತ್ತಾರೆ. ಸಡಿಲ ಬಿಟ್ಟರೆ ಹತ್ತು ಗಂಟೆಯ ಪಾಠಕ್ಕೆ ಹತ್ತೂವರೆಗೆ ಬರುತ್ತಾರೆ. ನನಗೆ ತಲೆ ಚಿಟ್ಟು ಹಿಡಿದಿದೆ ಬುದ್ಧಿ," ಅಂದ ಗುರುಶಾಂತ.

"ಹಿಡಿತ ಅಂದೆಯಲ್ಲ, ಹಿಡಿಯುವುದು ನಿನಗೆ ಗೊತ್ತೇನಪ್ಪ?"

"ಗೊತ್ತಿಲ್ಲ ಅಂತಲೇ ಕೇಳಿದ್ದು."

"ಹಾಗಾದರೆ ಕೂತುಕೊ. ನಿಂತುಕೊಂಡು ಕೇಳುವ ಕತೆಯಲ್ಲ ಇದು," ಎಂದು ದೊಡ್ಡಬುದ್ಧಿಯವರು ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ಪಾಠಶಾಲೆ ಇತ್ತು. ಯಾವ ಊರು ಅಂತ ಕೇಳಬೇಡ. ಹೊಳೆದಂಡೆಯ ಊರು ಅಂದುಕೊ, ಸಾಕು. ಆಗಿನ್ನೂ ಸ್ಲೇಟು ಬಳಪ ಬಂದಿರಲಿಲ್ಲ. ಚಿಕ್ಕ ಮಕ್ಕಳು ಹಲಗೆಯ ಮೇಲೆ ಮರಳು ಹರವಿಕೊಂಡು ಬೆರಳಲ್ಲಿ ಅಕ್ಷರ ತಿದ್ದುತ್ತಿದ್ದರು. ಅಲ್ಲಿ ಆರು ಜನ ಮೇಷ್ಟ್ರುಗಳು, ಅವರ ಮೇಲೆ ಒಬ್ಬ ಯಜಮಾನ. ಹಳೆಯ ಯಜಮಾನರು ತೀರಿಕೊಂಡ ಮೇಲೆ ಊರ ಹಿರಿಯರು ಹೊಸಬನೊಬ್ಬನನ್ನು ಹುಡುಕಿ ತಂದು ಆ ಜಾಗದಲ್ಲಿ ಕೂರಿಸಿದರು.

ವಯಸ್ಸು ಮೂವತ್ತು ದಾಟಿರಲಿಲ್ಲ. ಓದಿಕೊಂಡವನು, ನೇರ ನಡೆಯವನು, ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುವವನು. ನಿನ್ನ ಹಾಗೇ ಅನ್ನು. ತುಟಿ ಬಿಗಿದುಕೊಳ್ಳಬೇಡ, ಹೊಗಳುತ್ತಿದ್ದೇನೆ. ಅವನಿಗೆ ಇದ್ದದ್ದು ಒಂದೇ ಹೆದರಿಕೆ. ತನ್ನ ಕಣ್ಣಿಗೆ ಬೀಳದೆ ಎಲ್ಲೋ ಏನೋ ಕೆಟ್ಟುಹೋಗುತ್ತದೆ, ನಾಳೆ ಊರ ಹಿರಿಯರು ಬಂದು, ಏನಯ್ಯ ಮಾಡುತ್ತಿದ್ದೆ ಇಷ್ಟು ದಿನ ಅನ್ನುತ್ತಾರೆ, ಆಗ ತಲೆ ಎತ್ತುವ ಹಾಗಿರುವುದಿಲ್ಲ ಅಂತ. ಈ ಹೆದರಿಕೆಯನ್ನು ಅವನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಆ ಪಾಠಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಮಕ್ಕಳು ಬೆಳಿಗ್ಗೆ ಬಂದ ಕೂಡಲೇ ಹಿಂದಿನ ದಿನದ ಪಾಠ ಒಪ್ಪಿಸಬೇಕು. ಕೈಕಟ್ಟಿ ನಿಂತು, ಒಂದಕ್ಷರ ತಪ್ಪದ ಹಾಗೆ. ನಮ್ಮ ಕಾಲದಲ್ಲೂ ಇತ್ತು, ನಾನೂ ಒಪ್ಪಿಸಿದ್ದೇನೆ, ತಪ್ಪಿದಾಗ ಕಿವಿ ಹಿಂಡಿಸಿಕೊಂಡಿದ್ದೇನೆ. ಯಜಮಾನ ಇದನ್ನು ನೋಡಿದ. ಮಕ್ಕಳು ಪಾಠ ಒಪ್ಪಿಸಿ ಜಾಣರಾಗುವುದಾದರೆ ಮೇಷ್ಟ್ರುಗಳೂ ಯಾಕೆ ಒಪ್ಪಿಸಬಾರದು ಅಂತ ಅವನಿಗೆ ಹೊಳೆಯಿತು. ಮಾರನೆಯ ದಿನದಿಂದಲೇ ಕಟ್ಟಳೆ ಮಾಡಿದ. ಮಕ್ಕಳು ಬರುವುದಕ್ಕೆ ಮುಂಚೆ ಆರೂ ಜನ ಪಡಸಾಲೆಯಲ್ಲಿ ಸಾಲಾಗಿ ನಿಲ್ಲಬೇಕು. ಅವತ್ತು ಮಾಡಲಿರುವ ಪಾಠವನ್ನು ಮೊದಲು ಯಜಮಾನನಿಗೆ ಒಪ್ಪಿಸಬೇಕು. ಆಮೇಲೆ ಅದೇ ಮಾತನ್ನು, ಅದೇ ಸಾಲಿನಲ್ಲಿ, ಮಕ್ಕಳಿಗೆ ಹೇಳಬೇಕು. ಹೇಳುತ್ತಾರೋ ಇಲ್ಲವೋ ಅಂತ ಅವನು ಕಿಟಕಿಯ ಹಿಂದೆ ನಿಂತು ಕೇಳುತ್ತಿದ್ದ.

ವ್ಯಾಕರಣದ ಮೇಷ್ಟ್ರಿಗೆ ಅರವತ್ತು ದಾಟಿತ್ತು. ಅರ್ಧ ಊರಿಗೆ ಪಾಠ ಹೇಳಿದವರು. ಊರ ಗೌಡನೂ ಅವರ ಕೈಯಲ್ಲಿ ಕಲಿತವನೇ. ಅವರೂ ಬಂದು ಕೈಕಟ್ಟಿ ನಿಂತರು. ಮೊದಲ ದಿನ ಒಪ್ಪಿಸುವಾಗ ಅವರು ಎರಡು ಕಡೆ ತಡವರಿಸಿದರು. ಎರಡನೇ ದಿನ ತಡವರಿಸಲಿಲ್ಲ. ಮೂರನೇ ದಿನ ಗಿಳಿಯ ಹಾಗೆ ಒಪ್ಪಿಸಿ ಒಳಗೆ ಹೋದರು. ಯಜಮಾನ ಅದನ್ನು ಕಂಡು, ಸರಿಹೋಯಿತು, ದಾರಿಗೆ ಬಂದರು ಅಂದುಕೊಂಡ.

ಇನ್ನೂ ಕೇಳು. ಆಷಾಢದಲ್ಲಿ ಒಂದು ದಿನ ಹೊಳೆ ಉಕ್ಕಿ ಆಚೆ ದಡದ ಮಕ್ಕಳು ಬರಲಿಲ್ಲ. ಈಚೆ ದಡದವರನ್ನು ತಾಯಂದಿರು ಕಳಿಸಲಿಲ್ಲ. ಲೆಕ್ಕದ ಮೇಷ್ಟ್ರು ಮಾತ್ರ ಬೆಳಿಗ್ಗೆ ಬಂದು ಭಾಗಾಕಾರದ ಪಾಠ ಒಪ್ಪಿಸಿಯಾಗಿತ್ತು. ಒಪ್ಪಿಸಿದ ಮೇಲೆ ಮಾಡದೆ ಇರುವ ಹಾಗಿಲ್ಲವಲ್ಲ. ಅವರು ಒಳಗೆ ಹೋಗಿ ಖಾಲಿ ಚಾಪೆಗಳ ಮುಂದೆ ನಿಂತು ಇಡೀ ಪಾಠ ಹೇಳಿದರು. ನಡುವೆ ಎರಡು ಸಲ, ತಿಳಿಯಿತೇ ಅಂತಲೂ ಕೇಳಿದರು, ಯಾಕೆಂದರೆ ಬೆಳಿಗ್ಗೆ ಒಪ್ಪಿಸುವಾಗ ಅದನ್ನೂ ಸೇರಿಸಿ ಒಪ್ಪಿಸಿದ್ದರು. ನಗುತ್ತೀಯ? ನಗು. ಕಿಟಕಿಯ ಹಿಂದೆ ನಿಂತಿದ್ದ ಯಜಮಾನನಿಗೆ ನಗು ಬರಲಿಲ್ಲ. ಒಂದು ಮಾತೂ ಆಚೀಚೆ ಆಗಲಿಲ್ಲವಲ್ಲ ಅಂತ ಅವನಿಗೆ ಎಲ್ಲಿಲ್ಲದ ಹಿಗ್ಗು.

ಐದು ಜನ ಹೀಗೆ ದಾರಿಗೆ ಬಂದರು. ಬಾರದೆ ಉಳಿದವರು ಆರನೆಯವರು.

ಅವರು ತೀರ ಚಿಕ್ಕ ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುವ ಮೇಷ್ಟ್ರು. ಹೆಚ್ಚು ಓದಿದವರಲ್ಲ. ಐವತ್ತೈದರ ಆಸುಪಾಸು, ಮೆಲುಮಾತು. ಅವರ ಸರದಿ ಬಂದಾಗ ಯಜಮಾನ ಕೇಳಿದ, "ಇವತ್ತು ಏನು ಪಾಠ?"

"ಮಕ್ಕಳ ಕೈ ನೋಡಿದ ಮೇಲೆ ಗೊತ್ತಾಗುತ್ತದೆ ಸ್ವಾಮಿ."

ಎರಡನೇ ದಿನವೂ ಅದೇ ಮಾತು, ಮೂರನೇ ದಿನವೂ ಅದೇ. ಅದರಲ್ಲಿ ಸೊಕ್ಕಿರಲಿಲ್ಲ. ಹೇಳುವುದಕ್ಕೆ ಬೇರೆ ಏನೂ ಇಲ್ಲದವರ ಹಾಗೆ ಹೇಳುತ್ತಿದ್ದರು. ಯಜಮಾನನಿಗೆ ಮೈಯೆಲ್ಲ ಉರಿಯಿತು. ಉಳಿದ ಐವರ ಎದುರಿಗೆ ಇವನೊಬ್ಬ ಹೀಗೆ ನಿಂತರೆ ನಾಳೆ ನನ್ನ ಮಾತು ಯಾರು ಕೇಳುತ್ತಾರೆ? ಒಂದು ಸೋಮವಾರ ಬೆಳಿಗ್ಗೆ ಎಲ್ಲರಿಗೂ ಕೇಳುವ ಹಾಗೆ, "ನೀವು ನಾಳೆಯಿಂದ ಬರುವುದು ಬೇಡ" ಅಂದ.

ಮೇಷ್ಟ್ರು ಕೈಮುಗಿದರು. ಆಮೇಲೆ ಅಂದರು, "ಆಗಲಿ ಸ್ವಾಮಿ. ಆದರೆ ಒಂದು ಹೆಣ್ಣುಮಗುವಿಗೆ ಬರೆಯುವ ಕೈ ಇನ್ನೂ ಬಂದಿಲ್ಲ. ಅರ್ಧಕ್ಕೆ ಬಿಟ್ಟರೆ ಆ ಮಗು ಮತ್ತೆ ಮರಳು ಮುಟ್ಟುವುದಿಲ್ಲ. ಅದರ ಕೈ ಬರುವ ತನಕ ಇರಗೊಡಿ."

"ಎಷ್ಟು ದಿನ?"

"ಅದು ನನಗೆ ಗೊತ್ತಿಲ್ಲ."

"ಶನಿವಾರದ ತನಕ ಇರಿ," ಅಂದ ಯಜಮಾನ. "ಅಷ್ಟರಲ್ಲಿ ಬಂದರೆ ಬಂತು. ಭಾನುವಾರದ ಮೇಲೆ ಆ ಮಕ್ಕಳಿಗೆ ನಾನೇ ತಿದ್ದಿಸುತ್ತೇನೆ. ಕೈ ಹಿಡಿದು ಬರೆಸುವುದಕ್ಕೆ ಏನು ಮಹಾ ವಿದ್ಯೆ ಬೇಕು?"

ಹಾಗೆ ಅಂದ ಮೇಲೆ ತಾನೂ ಹೋಗಿ ನೋಡಿಕೊಳ್ಳಬೇಕಲ್ಲ. ಮಂಗಳವಾರ ಹೋಗಿ ಆ ಕೋಣೆಯ ಮೂಲೆಯಲ್ಲಿ ಕೂತ. ಇಪ್ಪತ್ತು ಮಕ್ಕಳು, ಇಪ್ಪತ್ತು ಹಲಗೆ. ಮೇಷ್ಟ್ರು ಒಂದು ಮಗುವಿನ ಹಿಂದೆ ಕುಕ್ಕರುಗಾಲಲ್ಲಿ ಕೂರುತ್ತಾರೆ, ಅದರ ಕೈಯ ಮೇಲೆ ತಮ್ಮ ಕೈ ಇಡುತ್ತಾರೆ, ಬೆರಳು ಮರಳಿನಲ್ಲಿ ಓಡುತ್ತದೆ. ಆಮೇಲೆ ಎದ್ದು ಇನ್ನೊಂದು ಮಗುವಿನ ಹತ್ತಿರ ಹೋಗುತ್ತಾರೆ. ಮಾತಿಲ್ಲ ಕತೆಯಿಲ್ಲ. ಇಷ್ಟೇನೇ ಅಂದುಕೊಂಡು ಯಜಮಾನ ಆಕಳಿಸಿದ.

ಅವರು ಹೇಳಿದ್ದ ಹೆಣ್ಣುಮಗು ಯಾವುದೆಂದು ಕಂಡುಹಿಡಿಯುವುದು ಕಷ್ಟವಾಗಲಿಲ್ಲ. ಅದರ ಬೆರಳು ಮರಳಿಗೆ ತಾಗಿದ ಕೂಡಲೇ ಕೋಲಿನ ಹಾಗೆ ಸೆಟೆದುಕೊಳ್ಳುತ್ತಿತ್ತು. ಅ ಬರೆಯುವಾಗ ಮೊದಲ ಸುತ್ತು ಹೇಗೋ ಮುಗಿಯುತ್ತಿತ್ತು, ತಿರುವಿನ ಹತ್ತಿರ ಬಂದು ನಿಂತುಬಿಡುತ್ತಿತ್ತು. ಮೇಷ್ಟ್ರು ದೂಡುತ್ತಿರಲಿಲ್ಲ. ಮಗುವಿನ ಬೆರಳು ನಿಂತಲ್ಲಿ ಅವರ ಕೈಯೂ ನಿಲ್ಲುತ್ತಿತ್ತು. ಎಷ್ಟು ಹೊತ್ತಾದರೂ ಹಾಗೇ. ಯಜಮಾನನಿಗೆ ನೋಡಿ ನೋಡಿ ತಡೆಯಲಾಗಲಿಲ್ಲ.

"ಒಂಚೂರು ಎಳೆದರೆ ಆಗಿಹೋಗುತ್ತದಲ್ಲ," ಅಂದ.

"ಇದರ ಬೆರಳಿಗೆ ಯಾರೋ ಹೊಡೆದಿದ್ದಾರೆ ಸ್ವಾಮಿ. ತಿರುವು ತಪ್ಪಿದಾಗ ಹೊಡೆದಿದ್ದಾರೆ. ಅದಕ್ಕೇ ಅಲ್ಲಿಗೆ ಬಂದಾಗ ಕಾಯುತ್ತದೆ," ಅಂದರು ಮೇಷ್ಟ್ರು.

ಮಗುವನ್ನು ಬಿಡಲು ಬಂದ ತಾಯಿಯನ್ನು ಯಜಮಾನ ಮಾರನೆಯ ದಿನ ಕೇಳಿದ. ಹೌದು, ಮನೆಯಲ್ಲಿ ಚಿಕ್ಕಪ್ಪ ಅಕ್ಷರ ಹೇಳಿಕೊಡಲು ಹೋಗಿ ಕಡ್ಡಿಯಲ್ಲಿ ಹೊಡೆದಿದ್ದ, ನಿಮಗೆ ಯಾರು ಹೇಳಿದರು ಅಂತ ಆಕೆಯೇ ಬೆರಗಾದಳು. ಯಾರೂ ಹೇಳಿರಲಿಲ್ಲ, ಮಗುವೂ ಬಾಯಿ ಬಿಟ್ಟಿರಲಿಲ್ಲ. ಯಜಮಾನ ಅವತ್ತು ಆಕಳಿಸಲಿಲ್ಲ.

ಅದೇ ಬುಧವಾರ ಅವನು ಇನ್ನೊಂದು ನೋಡಿದ. ಕಿಟಕಿಯ ಹತ್ತಿರದ ಮಗುವೊಂದು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿಕೊಂಡು ಬರೆಯುತ್ತಿತ್ತು. ಯಾಕಪ್ಪ ಹೀಗೆ ವಾಲಿದೆ, ಕತ್ತು ನೋವೇ ಅಂತ ನೋಡಿದ. ಹಿಂದೆ ಕೂತ ಮೇಷ್ಟ್ರಿಗೆ ಹಲಗೆ ಕಾಣಲಿ ಅಂತ ಆ ಮಗು ತಲೆ ಸರಿಸಿ ಜಾಗ ಬಿಟ್ಟಿತ್ತು. ಆದರೆ ಹಿಂದೆ ಮೇಷ್ಟ್ರು ಇರಲೇ ಇಲ್ಲ. ಅವರು ಕೋಣೆಯ ಆಚೆ ತುದಿಯಲ್ಲಿ ಬೇರೆ ಮಗುವಿನ ಹತ್ತಿರ ಕೂತಿದ್ದರು. ಮಗು ಒಂದಾದ ಮೇಲೊಂದು ಅಕ್ಷರ ತಿದ್ದುತ್ತ ಹೋಗುತ್ತಿತ್ತು, ತನ್ನ ಕೈಯ ಮೇಲೆ ಇನ್ನೂ ಒಂದು ಕೈ ಇದೆ ಅಂತಲೇ ತಿಳಿದುಕೊಂಡು.

ಅಬ್ಬಾ ಅನ್ನಿಸಿತು ಅವನಿಗೆ. ಯಾವಾಗ ಎದ್ದುಹೋದರು ಇವರು? ತಾನು ಇಲ್ಲೇ ಕೂತಿದ್ದೇನೆ, ಕಣ್ಣು ತೆರೆದೇ ಇದ್ದೇನೆ. ಅವತ್ತಿಡೀ ಅವನು ಬೇರೇನೂ ನೋಡಲಿಲ್ಲ. ಮೇಷ್ಟ್ರ ಕೈ ಮಗುವಿನ ಕೈಯಿಂದ ಯಾವ ಗಳಿಗೆಯಲ್ಲಿ ಏಳುತ್ತದೆ, ಅದನ್ನೇ ಹಿಡಿಯಬೇಕು ಅಂತ ಕಾದ. ಪ್ರತಿ ಸಲವೂ ಕೈ ಇರುವುದು ಕಾಣುತ್ತಿತ್ತು, ಆಮೇಲೆ ಇಲ್ಲದಿರುವುದು ಕಾಣುತ್ತಿತ್ತು. ನಡುವಿನದು ಮಾತ್ರ ಕಾಣಲಿಲ್ಲ.

ಗುರುವಾರ ತಾನೇ ಮಾಡಿ ನೋಡೋಣ ಅಂತ ಒಂದು ಮಗುವಿನ ಹಿಂದೆ ಕೂತ. ಅದರ ಕೈ ಹಿಡಿದು ಅ ಬರೆಸಿದ. ಅಕ್ಷರವೇನೋ ಚೆನ್ನಾಗಿ ಬಂತು. ಆದರೆ ಅದು ಅವನು ಬರೆದ ಅಕ್ಷರ. ಮಗುವಿನ ಕೈ ಅವನ ಮುಷ್ಟಿಯೊಳಗೆ ಸತ್ತಂತೆ ಬಿದ್ದಿತ್ತು. ಸರಿ, ಸ್ವಲ್ಪ ಸಡಿಲಿಸಿದ. ಸಡಿಲಿಸಿದ ಕೂಡಲೇ ಮಗು ಬರೆಯುವುದು ನಿಲ್ಲಿಸಿ ತಿರುಗಿ ಅವನ ಮುಖ ನೋಡಿತು. ಮತ್ತೆ ಹಿಡಿದ, ಮತ್ತೆ ಸತ್ತ ಕೈ. ಮತ್ತೆ ಬಿಟ್ಟ, ಮತ್ತೆ ಮುಖ ನೋಡಿತು. ಮಧ್ಯಾಹ್ನದ ಹೊತ್ತಿಗೆ ಅವನ ಹಣೆಯಿಂದ ಬೆವರು ಇಳಿದು ಮರಳಿನ ಮೇಲೆ ಬೀಳುತ್ತಿತ್ತು. ಏನು ಮಹಾ ವಿದ್ಯೆ ಅಂದಿದ್ದನಲ್ಲ, ಆ ಮಾತು ನೆನೆದು ಅವನಿಗೇ ನಾಚಿಕೆಯಾಯಿತು.

ಎದ್ದು ಬಂದು ಮೇಷ್ಟ್ರನ್ನು ಕೇಳಿದ, "ನೀವು ಕೈ ಎತ್ತುವುದು ಯಾವಾಗ?"

"ನಾನು ಎತ್ತುವುದಿಲ್ಲ ಸ್ವಾಮಿ. ಮಗುವಿನ ಕೈ ಮುಂದೆ ಹೋಗುತ್ತದೆ, ನನ್ನದು ಹಿಂದೆ ಉಳಿಯುತ್ತದೆ. ಅದು ಹೋಗುವುದಕ್ಕೆ ಮುಂಚೆ ಎತ್ತಿದರೆ ಬೀಳುತ್ತದೆ. ಹೋದ ಮೇಲೂ ಹಿಡಿದರೆ ನೋಯುತ್ತದೆ. ಇಪ್ಪತ್ತು ಮಕ್ಕಳಿಗೆ ಇಪ್ಪತ್ತು ಹೊತ್ತು. ಅದಕ್ಕೇ ಬೆಳಿಗ್ಗೆ ತಮ್ಮ ಮುಂದೆ ನಿಂತು ಹೇಳುವುದಕ್ಕೆ ನನಗೆ ಏನೂ ಇರುತ್ತಿರಲಿಲ್ಲ."

ಶುಕ್ರವಾರವೂ ಆ ಹೆಣ್ಣುಮಗುವಿನ ಬೆರಳು ತಿರುವಿನಲ್ಲಿ ನಿಂತಿತು. ಶನಿವಾರ ಬೆಳಿಗ್ಗೆಯೂ ನಿಂತಿತು. ಮೇಷ್ಟ್ರು ಬೇರೆ ಮಕ್ಕಳನ್ನು ಮುಗಿಸಿಕೊಂಡು ಬಂದು ಮತ್ತೆ ಅದರ ಹಿಂದೆ ಕೂತರು. ಹೊತ್ತು ಏರುತ್ತ ಹೋಯಿತು. ಯಜಮಾನ ಈಗ ಮೂಲೆಯಲ್ಲಿರಲಿಲ್ಲ. ಹಲಗೆಯ ಪಕ್ಕದಲ್ಲಿ ನೆಲಕ್ಕೆ ಮೊಣಕೈ ಊರಿ, ಮರಳಿಗೆ ಒಂದು ಗೇಣು ದೂರದಲ್ಲಿ ಮುಖ ಇಟ್ಟುಕೊಂಡು ನೋಡುತ್ತಿದ್ದ. ಇನ್ನೊಂದು ತಾಸಿನಲ್ಲಿ ಪಾಠಶಾಲೆ ಮುಚ್ಚುತ್ತದೆ. ಆಮೇಲೆ ಈ ಮೇಷ್ಟ್ರಿಲ್ಲ, ಈ ಮಗುವಿಗೆ ಅಕ್ಷರವೂ ಇಲ್ಲ. ಹಾಗೆ ಮಾಡಿದವನು ತಾನೇ. ಒಂದು ಮಾತು ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತು. ಐದು ಜನರ ಎದುರಿಗೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ ಅಂತ ಬಾಯಿ ಬರಲಿಲ್ಲ. ಯಜಮಾನರಾದವರ ಪಾಡು ಇದು, ನಿನಗೂ ಗೊತ್ತು. ದೇವರೇ, ಈ ಮಗುವಿನ ಕೈ ಬರಲಿ ಅಂತ ಮಾತ್ರ ಒಳಗೊಳಗೇ ಬೇಡಿಕೊಂಡ.

ಬೆರಳು ಮೊದಲ ಸುತ್ತು ಹಾಕಿತು. ತಿರುವಿನ ಹತ್ತಿರ ಬಂತು, ನಿಂತಿತು. ಮೇಷ್ಟ್ರ ಕೈಯೂ ನಿಂತಿತು. ಹೊರಗೆ ಮಕ್ಕಳು ಮಗ್ಗಿ ಹೇಳುವುದು ಕೇಳಿಸುತ್ತಿತ್ತು. ಹನ್ನೆರಡರ ಮಗ್ಗಿ ಮುಗಿಯಿತು, ಹದಿಮೂರರದು ಶುರುವಾಯಿತು. ಆಗ ಆ ಬೆರಳು ತಿರುವನ್ನು ದಾಟಿತು. ದಾಟಿ, ಮೆಲ್ಲಗೆ ಇಳಿದು, ಸುತ್ತಿ, ಮೇಲೆ ಹೋಗಿ ಅಕ್ಷರವನ್ನು ಮುಗಿಸಿತು. ಮುಗಿಸಿದ ಬೆರಳನ್ನು ಎತ್ತದೆ ಮಗು ಹಾಗೇ ಇಟ್ಟುಕೊಂಡು ತಲೆ ಬಗ್ಗಿಸಿಯೇ ಹೇಳಿತು, "ಮೇಷ್ಟ್ರೇ, ಈಗ ಕೈ ತೆಗೀರಿ. ಇನ್ನೊಂದು ನಾನೇ ಬರೀತೀನಿ."

ಯಜಮಾನ ನೋಡಿದ. ಮಗುವಿನ ಕೈಯ ಮೇಲೆ ಕೈ ಇರಲಿಲ್ಲ. ತಲೆ ತಿರುಗಿಸಿ ನೋಡಿದ. ಮೇಷ್ಟ್ರು ನಾಲ್ಕು ಮಾರು ದೂರದಲ್ಲಿ, ಬಾಗಿಲ ಹತ್ತಿರ ನಿಂತಿದ್ದರು. ಒಂದು ಗೇಣು ದೂರದಲ್ಲಿ ಮುಖ ಇಟ್ಟುಕೊಂಡು, ರೆಪ್ಪೆ ಬಡಿಯದೆ ನೋಡುತ್ತಿದ್ದವನಿಗೆ ಆ ಕೈ ಎದ್ದದ್ದು ಕಾಣಲಿಲ್ಲ ಕಣಪ್ಪ. ಅವನ ಮೈಯೆಲ್ಲ ಜುಮ್ಮೆಂದಿತು. ಗುಡಿಯಲ್ಲಿ ಮಂಗಳಾರತಿಯ ಹೊತ್ತಿಗೆ ಆಗುತ್ತದಲ್ಲ, ಹಾಗಾಯಿತು. ಕಿಟಕಿಯ ಹಿಂದೆ ನಿಂತು ಮೇಷ್ಟ್ರುಗಳ ಮಾತು ಎಣಿಸುತ್ತ ಕಳೆದ ದಿನಗಳೆಲ್ಲ ಅವನಿಗೆ ನೆನಪಾದವು. ಅವನು ಅತ್ತ. ಮಕ್ಕಳ ಮುಂದೆ ಅಳಬಾರದು ಅಂತಲೂ ಅವನಿಗೆ ತೋಚಲಿಲ್ಲ.

ಮೇಷ್ಟ್ರು ಟವಲಿನಲ್ಲಿ ಕೈಯ ಮರಳು ಒರೆಸಿಕೊಂಡರು. "ಮಗುವಿನ ಕೈ ಬಂತು ಸ್ವಾಮಿ. ನಾನಿನ್ನು ಬರುತ್ತೇನೆ," ಅಂತ ಕೈಮುಗಿದು ಹೊರಟರು. ಮಾತು ಕೊಟ್ಟಿದ್ದರಲ್ಲ, ಅದರಂತೆ ಹೊರಟರು.

ಯಜಮಾನ ಓಡಿಹೋಗಿ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಹಾಗೆ ನಿಂತಿದ್ದರೆ ಮತ್ತೆ ಹಿಡಿದ ಹಾಗೇ ಆಗುತ್ತಿತ್ತು. ಅವನು ಒಂದು ಖಾಲಿ ಹಲಗೆ ಎಳೆದುಕೊಂಡು, ಅದರ ಮೇಲೆ ಮರಳು ಹರವಿ, ಮಕ್ಕಳ ಸಾಲಿನಲ್ಲಿ ಕೂತು ಬೆರಳು ಇಟ್ಟ. "ನನಗೂ ತಿದ್ದಿಸಿ ಮೇಷ್ಟ್ರೇ," ಅಂದ.

"ತಮಗೆ ಅಕ್ಷರ ಬರುತ್ತದಲ್ಲ ಸ್ವಾಮಿ."

"ಇನ್ನೊಬ್ಬರ ಕೈ ಹಿಡಿಯುವುದು ಬರುವುದಿಲ್ಲ. ಐದು ಜನರ ಕೈಗಳನ್ನು ಕೊಂದಿಟ್ಟಿದ್ದೇನೆ. ನಿಮ್ಮನ್ನು ಹೋಗೆಂದದ್ದು ತಪ್ಪು. ಅದನ್ನು ಆ ಐವರ ಮುಂದೆಯೂ ಹೇಳುತ್ತೇನೆ."

ಮೇಷ್ಟ್ರು ಟವಲನ್ನು ಹೆಗಲಿಗೆ ಹಾಕಿಕೊಂಡರು. ಆಮೇಲೆ ಬಂದು ಹಿಂದೆ ಕೂತು ಅವನ ಕೈಯ ಮೇಲೆ ಕೈ ಇಟ್ಟರು. ಬಿಸಿ ರೊಟ್ಟಿಯ ಮೇಲೆ ಬಟ್ಟೆ ಮುಚ್ಚಿದ ಹಾಗೆ ಇತ್ತು ಅದು, ಭಾರವೂ ಇಲ್ಲ, ಇಲ್ಲವೆನ್ನುವಂತೆಯೂ ಇಲ್ಲ. ಯಜಮಾನನ ಬೆರಳು ಗಡಿಬಿಡಿಯಲ್ಲಿ ಓಡಿತು. ಮೇಲಿನ ಕೈ ತಡೆಯಲಿಲ್ಲ, ಜೊತೆಗೇ ಬಂತು. ಎರಡು ಅಕ್ಷರ ಆಗುವಷ್ಟರಲ್ಲಿ ಮೇಷ್ಟ್ರು ಮೆಲ್ಲಗೆ ಅಂದರು, "ತಮ್ಮ ಕೈಗೆ ಹೆದರಿಕೆ ಇದೆ. ಯಾರೋ ಬಂದು ಕೇಳುತ್ತಾರೆ, ಬೈಯುತ್ತಾರೆ ಅನ್ನುವ ಹೆದರಿಕೆ."

ಹೆತ್ತ ತಾಯಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದ ಮಾತು ಅದು. ಯಜಮಾನ ತಲೆ ತಗ್ಗಿಸಿದ. ಮೇಷ್ಟ್ರು ಪಾಠಶಾಲೆ ಬಿಡಲಿಲ್ಲ, ಉಳಿದರು.

ಸೋಮವಾರ ಬೆಳಿಗ್ಗೆ ಆರೂ ಜನ ಪಡಸಾಲೆಯಲ್ಲಿ ಸಾಲಾಗಿ ನಿಂತಿದ್ದರು. ಯಜಮಾನ ತನ್ನ ತಪ್ಪು ಹೇಳಿಕೊಂಡ. ಇನ್ನು ಒಪ್ಪಿಸುವುದು ಬೇಡ, ಒಳಗೆ ಹೋಗಿ ಅಂದ. ಐದು ಜನ ಹೋದರು. ವ್ಯಾಕರಣದ ಮೇಷ್ಟ್ರು ಮಾತ್ರ ಕೈಕಟ್ಟಿಕೊಂಡು ಹಾಗೇ ನಿಂತಿದ್ದರು, ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಯಜಮಾನನೇ ಹೋಗಿ ಆ ಮುದುಕರ ಕಟ್ಟಿದ ಕೈಗಳನ್ನು ಬಿಡಿಸಬೇಕಾಯಿತು.

ಅಲ್ಲಿಂದ ಮುಂದೆ ಎಲ್ಲರನ್ನೂ ಬಿಟ್ಟುಬಿಟ್ಟ ಅಂತ ತಿಳಿಯಬೇಡ. ಅಷ್ಟು ಸಲೀಸಾಗಿದ್ದರೆ ಕತೆ ಯಾಕೆ ಬೇಕಿತ್ತು? ಅವನು ದಿನಕ್ಕೊಬ್ಬ ಮೇಷ್ಟ್ರ ಪಕ್ಕದಲ್ಲಿ ಹೋಗಿ ಕೂರುತ್ತಿದ್ದ. ಇವತ್ತು ಯಾವ ಮಗು ನಿಂತಿದೆ, ಎಲ್ಲಿ ನಿಂತಿದೆ ಅಂತ ಕೇಳುತ್ತಿದ್ದ. ವ್ಯಾಕರಣದವರಿಗೆ ಒಂದು ವಾರ ಸಾಕಾಯಿತು. ಅವರಲ್ಲೊಬ್ಬ ಇತಿಹಾಸದ ಮೇಷ್ಟ್ರಿದ್ದರು, ತಡವಾಗಿ ಬರುವುದರಲ್ಲಿ ನಿನ್ನವರನ್ನು ಮೀರಿಸಿದವರು. ಸಾಲಾಗಿ ನಿಲ್ಲುವುದು ನಿಂತ ಮೇಲೆ ಅವರು ಮತ್ತೆ ತಡಮಾಡತೊಡಗಿದರು. ಯಜಮಾನ ಅವರನ್ನು ಬೈಯಲಿಲ್ಲ. ಬೆಳಿಗ್ಗೆ ಅವರ ಮನೆಗೇ ಹೋಗಿ, ಜಗುಲಿಯ ಮೇಲೆ ಕೂತು, ಅವರು ಹೊರಡುವ ತನಕ ಕಾದು, ಮಾತಾಡಿಕೊಂಡು ಜೊತೆಯಲ್ಲೇ ಕರೆದುಕೊಂಡು ಬಂದ. ಒಂದು ದಿನವಲ್ಲ, ಆರು ತಿಂಗಳು. ಮಳೆಯಾಗಲಿ ಚಳಿಯಾಗಲಿ ಬಿಡಲಿಲ್ಲ. ಆಮೇಲೆ ವಾರಕ್ಕೆ ಎರಡು ದಿನ ಹೋದ, ಆಮೇಲೆ ಒಂದು ದಿನ.

ಎರಡು ವರ್ಷ ಕಳೆಯಿತು. ಊರ ಹಿರಿಯರು ಒಮ್ಮೆ ಪಾಠಶಾಲೆ ನೋಡಲು ಬಂದರು. ಇತಿಹಾಸದ ಮೇಷ್ಟ್ರನ್ನು ಕಂಡು, ಏನಪ್ಪ, ಈಗ ಹೊತ್ತಿಗೆ ಸರಿಯಾಗಿ ಬರುತ್ತೀಯಂತೆ, ಹೇಗೆ ಅಂತ ತಮಾಷೆ ಮಾಡಿದರು. ಮೇಷ್ಟ್ರು ಯಜಮಾನನ ಕಡೆ ಕೈತೋರಿಸಿ, "ಇವರು ದಿನಾ ಬೆಳಿಗ್ಗೆ ಮನೆಗೆ ಬರುತ್ತಾರಲ್ಲ ಸ್ವಾಮಿ. ಕಾಯಿಸಬಾರದು ಅಂತ ಮುಂಚೆಯೇ ಹೊರಟಿರುತ್ತೇನೆ" ಅಂದರು. ಸುಳ್ಳು ಹೇಳಲಿಲ್ಲ ಅವರು, ಹಾಗೇ ನಂಬಿದ್ದರು. ಯಜಮಾನ ಕೊನೆಯ ಸಲ ಆ ಮನೆಯ ಜಗುಲಿ ಹತ್ತಿ ಹದಿನಾಲ್ಕು ತಿಂಗಳಾಗಿತ್ತು.

ದೊಡ್ಡಬುದ್ಧಿಯವರು ಕತೆ ನಿಲ್ಲಿಸಿದರು. ಮಠದ ಹಿಂದಿನ ಕೊಟ್ಟಿಗೆಯಲ್ಲಿ ಹಸು ಕೂಗಿತು. ಗುರುಶಾಂತನ ಕಣ್ಣು ತೇವವಾಗಿತ್ತು. ಪಡಸಾಲೆಯಲ್ಲಿ ನಿಂತು ತಾನು ನೋಡುತ್ತಿದ್ದಾಗ ಆ ನಾಲ್ವರು ಮೇಷ್ಟ್ರುಗಳು ಪುಸ್ತಕದ ಮೇಲೆ ಬಗ್ಗಿ ಸಹಿ ಹಾಕುತ್ತಿದ್ದ ರೀತಿ ಅವನ ಕಣ್ಣಿಗೆ ಕಟ್ಟಿತು.

"ತಪ್ಪು ತಿಳಿಯಿತು ಬುದ್ಧಿ," ಅಂದ. "ನಾಳೆ ಬೆಳಿಗ್ಗೆಯೇ ಆ ನಾಲ್ವರ ಮನೆಗೆ ಹೋಗುತ್ತೇನೆ. ಮೊದಲು ಲೆಕ್ಕದವರ ಮನೆಗೆ, ಅವರಿಗೇ ಹೆಚ್ಚು ನೋವಾಗಿದೆ. ತಪ್ಪಾಯಿತು ಅನ್ನುತ್ತೇನೆ. ಸಹಿಯ ಪುಸ್ತಕ ತೆಗೆಸುತ್ತೇನೆ. ತಡವಾಗಿ ಬರುವ ಇಬ್ಬರ ಜೊತೆ ಮಾತ್ರ ಕೆಲವು ತಿಂಗಳು ನಾನೇ ಓಡಾಡುತ್ತೇನೆ. ಆದರೆ ನಾನು ಆ ಯಜಮಾನನಷ್ಟು ಗಟ್ಟಿಗನಲ್ಲ. ಈ ಒಂದು ವರ್ಷ ಶಾಲೆ ನಡೆದಿದ್ದರೆ ಅದು ತಾವು ದಿನಾ ಸಂಜೆ ಇಲ್ಲಿ ಕೂತು ಇದು ಮಾಡು, ಅದು ಮಾಡು ಅಂತ ದಾರಿ ತೋರಿಸಿದ್ದರಿಂದ. ತಾವು ಹೇಳದೆ ಒಂದು ದಿನವೂ ನಡೆಸುವುದು ನನ್ನ ಕೈಲಾಗುವುದಿಲ್ಲ. ನಾಳೆಯದಕ್ಕೂ ತಾವೇ ಅಪ್ಪಣೆ ಕೊಡಬೇಕು."

ದೊಡ್ಡಬುದ್ಧಿಯವರು ಅವನನ್ನೇ ನೋಡಿ ನಕ್ಕರು.

"ನಿನ್ನ ಕೈಯ ಮೇಲಿಂದ ನಾನು ಕೈ ತೆಗೆದದ್ದು ಯಾವ ತಿಂಗಳಲ್ಲಿ, ಹೇಳು ನೋಡೋಣ."

ಗುರುಶಾಂತ ಹೇಳಲು ಬಾಯಿ ತೆರೆದ. ಒಂದೊಂದೇ ಸಂಜೆಯನ್ನು ನೆನಪು ಮಾಡಿಕೊಳ್ಳುತ್ತ ಹಿಂದಕ್ಕೆ ಹೋದ, ಹೋಗುತ್ತಲೇ ಇದ್ದ, ಇದು ಮಾಡು ಅಂತ ಬುದ್ಧಿಯವರು ಹೇಳಿದ ಸಂಜೆ ಒಂದೂ ಸಿಗಲಿಲ್ಲ.